ಪೊಲೀಸ್ ಬಲಪ್ರಯೋಗದ ಕೇಸು: ಮೊದಲ ಸಾಕ್ಷಿಯಾಗಿ ಯಾರನ್ನು ಕರೆಯಬೇಕು?

ಕುಂಜಿಬೆಟ್ಟು ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯಲ್ಲಿ ಎಲ್‌ಎಲ್‌ಬಿ ಕೊನೆಯ ವರ್ಷ ಓದುತ್ತಿದ್ದೇನೆ. ಮುಂದಿನ ತಿಂಗಳು ನಮ್ಮಲ್ಲಿ ಅಣಕು ವಿಚಾರಣೆ ಉಂಟು. ನನ್ನ ಪಾಲಿಗೆ ಬಂದದ್ದು ಪಿ.ಪಿ. (ಸರಕಾರಿ ಅಭಿಯೋಜಕಿ) ಪಾತ್ರ.

ಕೊಟ್ಟಿರುವ ಕಥೆ ಹೀಗಿದೆ. ರಾತ್ರಿ ಮೀನುಗಾರಿಕಾ ಬಂದರಿನ ಹತ್ತಿರ ಗಲಾಟೆ. ಪೊಲೀಸರು ಒಬ್ಬ ಯುವಕನನ್ನು ಹಿಡಿಯುತ್ತಾರೆ. ಅವನು ಕುಡಿದಿದ್ದ, ಕೊಸರಾಡಿದ. ಬೋರಲಾಗಿ ಕೆಡವಿ, ಬೆನ್ನಿನ ಮೇಲೆ ಮೊಣಕಾಲು ಊರಿ ಕೋಳ ಹಾಕುತ್ತಾರೆ. ಜೀಪಿನಲ್ಲಿ ಠಾಣೆಗೆ ಒಯ್ಯುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಠಾಣೆಯಿಂದ 108ಕ್ಕೆ ಕರೆ ಹೋಗುತ್ತದೆ. ಆಸ್ಪತ್ರೆ ಮುಟ್ಟುವಾಗ ಜೀವ ಇಲ್ಲ. ದಾರಿಹೋಕರೊಬ್ಬರು ಮೊಬೈಲಿನಲ್ಲಿ 2 ನಿಮಿಷ 10 ಸೆಕೆಂಡಿನ ವಿಡಿಯೊ ಮಾಡಿದ್ದಾರೆ. ಆರೋಪಿ ಒಬ್ಬ ಪೊಲೀಸ್ ಸಿಬ್ಬಂದಿ.

ನನಗೆ ವಿಡಿಯೊ ತೋರಿಸಿದರೆ ಅರ್ಧ ಕೇಸು ಗೆದ್ದ ಹಾಗೆ ಎಂದು ಅನಿಸುತ್ತದೆ. ವಿಡಿಯೊ ಮಾಡಿದವರನ್ನೇ ಮೊದಲ ಸಾಕ್ಷಿ ಮಾಡಬೇಕೆಂದಿದ್ದೇನೆ. ಅಮೆರಿಕದ ಜಾರ್ಜ್ ಫ್ಲಾಯ್ಡ್ ಕೇಸಿನ (2020ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಪೊಲೀಸೊಬ್ಬ ಕುತ್ತಿಗೆ ಮೇಲೆ ಮೊಣಕಾಲು ಊರಿ ಫ್ಲಾಯ್ಡ್ ಸತ್ತ ಕೇಸು) ವಿಚಾರಣೆಯನ್ನು ಯೂಟ್ಯೂಬಿನಲ್ಲಿ ನೋಡುತ್ತಿದ್ದೇನೆ. ಇಲ್ಲಿ ಅನುಭವ ಇದ್ದವರು ದಯವಿಟ್ಟು ದಾರಿ ತೋರಿಸಿ.

ಬಾವುಟಗುಡ್ಡೆ ವಕೀಲ

ತಂಗಿ, ಒಳ್ಳೆ ಕೇಸನ್ನೇ ನೋಡುತ್ತಿದ್ದೀಯ. ಆದರೆ ಅದರ ಮೊದಲ ದಿನವನ್ನು ಇನ್ನೊಮ್ಮೆ ನೋಡು. 2021ರ ಮಾರ್ಚ್ 29. ಸರಕಾರದ ಕಡೆಯ ವಕೀಲ ಜೆರ್ರಿ ಬ್ಲ್ಯಾಕ್‌ವೆಲ್ ತಮ್ಮ ಆರಂಭದ ಮಾತಿನಲ್ಲೇ ವಿಡಿಯೊ ತೋರಿಸಿದರು, ನಿಮ್ಮ ಕಣ್ಣನ್ನು ನಂಬಿ ಎಂದರು. ಆದರೆ ಮೊದಲ ಸಾಕ್ಷಿಯಾಗಿ ಕರೆದದ್ದು ವಿಡಿಯೊ ಮಾಡಿದ ಹುಡುಗಿಯನ್ನು ಅಲ್ಲ. ತುರ್ತು ಕರೆ ಕೇಂದ್ರದ ಸಿಬ್ಬಂದಿಯನ್ನು. ಆಕೆ ನಗರದ ಕ್ಯಾಮೆರಾದಲ್ಲಿ ಈ ದೃಶ್ಯ ನೋಡಿದ್ದರು. ಇಷ್ಟು ಹೊತ್ತಾದರೂ ಪೊಲೀಸರು ಏಳುತ್ತಿಲ್ಲ, ಪರದೆ ನಿಂತುಹೋಯಿತಾ ಎಂದು ಅವರಿಗೆ ಸಂಶಯ ಬಂತು. ಪೊಲೀಸ್ ಸಾರ್ಜೆಂಟಿಗೆ ಫೋನ್ ಮಾಡಿ ಹೇಳಿದರು.

ಆಕೆ ಸತ್ತವನ ಕಡೆಯವರಲ್ಲ, ಗುಂಪಿನಲ್ಲಿ ಕೂಗಿದವರೂ ಅಲ್ಲ. ದಿನಾ ಪೊಲೀಸರ ಜತೆಗೇ ಕೆಲಸ ಮಾಡುವವರು. ಅಂಥವರಿಗೇ ಇದು ಸರಿಯಿಲ್ಲ ಅನಿಸಿತು ಎಂದರೆ ಆ ಮಾತಿಗೆ ಬೇರೆಯೇ ತೂಕ ಬರುತ್ತದೆ.

ಇನ್ನೊಂದು ವಿಷಯ, ಮೊಣಕಾಲು ಎಷ್ಟು ಹೊತ್ತು ಇತ್ತು ಎಂಬ ಸಮಯದ ಲೆಕ್ಕ. ಮೊದಲು ಎಲ್ಲರ ಬಾಯಲ್ಲಿದ್ದದ್ದು 8 ನಿಮಿಷ 46 ಸೆಕೆಂಡು. ಕೋರ್ಟಿಗೆ ಬರುವಾಗ ಅದು 9 ನಿಮಿಷ 29 ಸೆಕೆಂಡು ಆಗಿತ್ತು. ಪೊಲೀಸರ ಮೈಮೇಲಿನ ಕ್ಯಾಮೆರಾ ನೋಡಿ ಸೆಕೆಂಡು ಸೆಕೆಂಡು ಲೆಕ್ಕ ಹಾಕಿದ ಮೇಲೆ ಬಂದ ಸಂಖ್ಯೆ ಅದು. ಮೊಬೈಲು, ಅಂಗಡಿ ಕ್ಯಾಮೆರಾ, ನಗರದ ಕ್ಯಾಮೆರಾ, ಪೊಲೀಸರ ಕ್ಯಾಮೆರಾ, ಎಲ್ಲವನ್ನೂ ಒಂದೇ ಗಡಿಯಾರಕ್ಕೆ ತಂದು ನಿಲ್ಲಿಸಿದರು. ನಿನ್ನ ಹತ್ತಿರ ಇರುವುದು 2 ನಿಮಿಷ 10 ಸೆಕೆಂಡು ಮಾತ್ರ. ಅದರ ಹಿಂದೆ ಏನು, ಮುಂದೆ ಏನು? ನಿನ್ನ ಕೇಸು ನಿಲ್ಲುವುದೂ ಬೀಳುವುದೂ ಅಲ್ಲೇ.

ಕಾರ್ಕಳ ಜೂನಿಯರ್

ನಾನು ಆರೋಪಿ ಕಡೆಯಿಂದ ಯೋಚಿಸಿ ಹೇಳುತ್ತೇನೆ, ಬೇಸರ ಮಾಡಬೇಡಿ. ಪಾಟಿ ಸವಾಲಿನಲ್ಲಿ ನನ್ನ ಮೊದಲ ಪ್ರಶ್ನೆ ಇದೇ: ನೀವು ಮೊಬೈಲ್ ತೆಗೆಯುವ ಮೊದಲು ಏನಾಯಿತು? ಅವನು ಎಷ್ಟು ಜನರಿಗೆ ಹೊಡೆದಿದ್ದ? ಸುತ್ತ ಎಷ್ಟು ಜನ ಸೇರಿದ್ದರು? ಪೊಲೀಸರು ಇಬ್ಬರೇ ಇದ್ದರಾ? ಫ್ಲಾಯ್ಡ್ ಕೇಸಿನಲ್ಲಿ ಆರೋಪಿ ಪರ ವಕೀಲ ಎರಿಕ್ ನೆಲ್ಸನ್ ಮಾಡಿದ್ದೂ ಇದನ್ನೇ. 9 ನಿಮಿಷ ಮಾತ್ರ ನೋಡಬೇಡಿ, ಅದಕ್ಕಿಂತ ಮೊದಲ ಹದಿನೈದಿಪ್ಪತ್ತು ನಿಮಿಷವನ್ನೂ ನೋಡಿ ಎಂದು ಕೊನೆವರೆಗೂ ಹಿಡಿದುಕೊಂಡಿದ್ದರು. ಜನ ಕೂಗುತ್ತಿದ್ದರು, ಪೊಲೀಸರ ಗಮನ ಚೆದುರಿತು ಎಂದರು. ಒಂದು ಕೋನದಿಂದ ಮೊಣಕಾಲು ಕುತ್ತಿಗೆ ಮೇಲೆ ಕಂಡರೆ ಇನ್ನೊಂದು ಕೋನದಿಂದ ಭುಜದ ಹತ್ತಿರ ಕಾಣುತ್ತದೆ ಎಂದೂ ತೋರಿಸಿದರು.

ಅಲ್ಲಿಯ ಸುಪ್ರೀಂ ಕೋರ್ಟು 1989ರ ಗ್ರಹಾಂ ವರ್ಸಸ್ ಕಾನರ್ ತೀರ್ಪಿನಲ್ಲಿ ಹೇಳಿದ್ದು ಅವರಿಗೆ ಆಧಾರ. ಆ ಜಾಗದಲ್ಲಿ ಆ ಕ್ಷಣದಲ್ಲಿ ನಿಂತ ಸಮಂಜಸ ಪೊಲೀಸನ ಕಣ್ಣಿನಿಂದ ನೋಡಬೇಕು, ಆಮೇಲೆ ಆರಾಮವಾಗಿ ಕೂತು ನೋಡಿದ ಹಾಗಲ್ಲ. ನಮ್ಮಲ್ಲೂ ಸಿಆರ್‌ಪಿಸಿ ಜಾಗದಲ್ಲಿ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 43ನೇ ಕಲಂ ಹಾಗೇ ಉಂಟು. ದಸ್ತಗಿರಿಗೆ ಅಡ್ಡ ಬಂದರೆ ಬೇಕಾದ ಎಲ್ಲ ಉಪಾಯ ಬಳಸಬಹುದು.

ಬಾವುಟಗುಡ್ಡೆ ವಕೀಲ

43 ಓದುವವರು 46ನ್ನೂ ಓದಬೇಕು. ಅವನು ತಪ್ಪಿಸಿಕೊಳ್ಳದ ಹಾಗೆ ತಡೆಯಲು ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ನಿರ್ಬಂಧ ಕೂಡದು. ಹಳೆಯ ಸಿಆರ್‌ಪಿಸಿಯಲ್ಲಿ 49 ಇತ್ತಲ್ಲ, ಅದೇ. ಪಿ.ಪಿ. ವಾದ ಪೂರ್ತಿ ಈ ಒಂದು ಸಾಲಿನ ಮೇಲೆ ಕಟ್ಟಬಹುದು.

ಕಾಪು ನಿವೃತ್ತ ಎಎಸ್‌ಐ

ನಾನು ಇಲಾಖೆಯಲ್ಲಿ 34 ವರ್ಷ ದುಡಿದವನು. ಬಂದರಿನ ಗಲಾಟೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಕತ್ತಲೆ, ಕುಡಿದ ಜನ, ಕೈಯಲ್ಲಿ ಏನಿದೆ ಗೊತ್ತಾಗುವುದಿಲ್ಲ. ಬಲ ಬಳಸದೆ ಹಿಡಿಯಲಿಕ್ಕೆ ಆಗುವುದಿಲ್ಲ. ಇದನ್ನು ಮೊದಲು ಒಪ್ಪಿಕೊಂಡೇ ನೀವು ಕೇಸು ನಡೆಸಬೇಕು ಮಗಳೇ. ಕೆಡವಿದ್ದೇ ತಪ್ಪು ಎಂದು ಹೊರಟರೆ ನ್ಯಾಯಾಧೀಶರೂ ಒಪ್ಪಲಿಕ್ಕಿಲ್ಲ.

ನನ್ನ ಪ್ರಶ್ನೆ ಬೇರೆ. ಕೋಳ ಬಿದ್ದ ಮೇಲೆ ಮೊಣಕಾಲು ಎಷ್ಟು ಹೊತ್ತು ಇತ್ತು? ಕೋಳ ಬೀಳುವವರೆಗೆ ಅದು ನಮ್ಮ ಕೆಲಸ. ಆಮೇಲೆ ಮನುಷ್ಯನನ್ನು ಮಗ್ಗುಲಿಗೆ ತಿರುಗಿಸಬೇಕು, ಕೂರಿಸಬೇಕು, ಉಸಿರು ನೋಡಬೇಕು. ಕುಡಿದವನನ್ನಂತೂ ಬೋರಲಾಗಿ ಬಿಡಲೇಬಾರದು. ಅಮೆರಿಕದ ಆ ಕೇಸಿನಲ್ಲಿ ಕಾಲು ಹಿಡಿದಿದ್ದ ಕಿರಿಯ ಪೊಲೀಸನೇ, ಮಗ್ಗುಲಿಗೆ ತಿರುಗಿಸೋಣವಾ ಎಂದು ಎರಡು ಸಲ ಕೇಳಿದ್ದಾನೆ. ನನಗೆ ಅದನ್ನು ಕೇಳಿ ತುಂಬಾ ನೋವಾಯಿತು. ಪಕ್ಕದಲ್ಲೇ ಇದ್ದವನಿಗೆ ಗೊತ್ತಾಗಿತ್ತು.

ನಿಮ್ಮ ವಿಡಿಯೊದಲ್ಲಿ ಕೋಳ ಬಿದ್ದ ಕ್ಷಣ ಯಾವುದು ಹುಡುಕಿ. ಅವನ ಕಾಲು ಆಡುವುದು ನಿಂತ ಕ್ಷಣ ಯಾವುದು ಹುಡುಕಿ. ಇವೆರಡರ ನಂತರದ ಸೆಕೆಂಡುಗಳೇ ನಿಮ್ಮ ಕೇಸು.

ಕುಂಜಿಬೆಟ್ಟು ವಿದ್ಯಾರ್ಥಿನಿ

ಸರ್, ಈಗಷ್ಟೇ ಮತ್ತೆ ನೋಡಿದೆ. 38ನೇ ಸೆಕೆಂಡಿಗೆ ಕೋಳ ಬಿದ್ದ ಶಬ್ದ ಕೇಳುತ್ತದೆ. ಮೊಣಕಾಲು ವಿಡಿಯೊ ಮುಗಿಯುವವರೆಗೂ ಅಲ್ಲೇ ಉಂಟು. ಅಂದರೆ 92 ಸೆಕೆಂಡು. ನಾನು ಇಷ್ಟು ದಿನ ವಿಡಿಯೊವನ್ನು ಇಡಿಯಾಗಿ ನೋಡುತ್ತಿದ್ದೆ. ಹೀಗೆ ತುಂಡು ಮಾಡಿ ನೋಡಿಯೇ ಇರಲಿಲ್ಲ. ತುಂಬಾ ಧನ್ಯವಾದ.

ಶವಾಗಾರದ ಡಾಕ್ಟರ್

ವಿಧಿವಿಜ್ಞಾನ ಕಲಿಸುವವಳು ನಾನು. ಮರಣೋತ್ತರ ಪರೀಕ್ಷೆಯ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ. ಇಂಥ ಕೇಸುಗಳು ಜಾಸ್ತಿ ಸೋಲುವುದು ಇಲ್ಲೇ.

ಎದೆ, ಬೆನ್ನು ಒತ್ತಿ ಉಸಿರಾಡಲಾಗದೆ ಸತ್ತವರ ದೇಹದಲ್ಲಿ ಕೆಲವೊಮ್ಮೆ ಕಣ್ಣಿಗೆ ಬೀಳುವ ಗುರುತೇ ಇರುವುದಿಲ್ಲ. ಫ್ಲಾಯ್ಡ್ ದೇಹದಲ್ಲೂ ಕುತ್ತಿಗೆಯ ಒಳಗೆ ಜಜ್ಜಿದ ಗಾಯ ಕಾಣಲಿಲ್ಲ. ಆರೋಪಿ ಕಡೆಯವರು ಅದನ್ನೇ ಹಿಡಿದರು. ಹೃದಯದ ಕಾಯಿಲೆ ಇತ್ತು, ರಕ್ತದಲ್ಲಿ ಫೆಂಟನಿಲ್ ಎಂಬ ಮಾದಕ ಔಷಧ ಇತ್ತು, ಅದರಿಂದ ಸತ್ತ ಎಂದರು. ಇದಕ್ಕೆ ಉತ್ತರ ಕೊಟ್ಟದ್ದು ಶ್ವಾಸಕೋಶ ತಜ್ಞ ಡಾ. ಮಾರ್ಟಿನ್ ಟೋಬಿನ್. ಅವರು ವಿಡಿಯೊ ನೋಡಿ ಉಸಿರು ಎಣಿಸಿದರು. ಪ್ರಜ್ಞೆ ತಪ್ಪುವ ಮೊದಲು ನಿಮಿಷಕ್ಕೆ 22 ಉಸಿರು. ಫೆಂಟನಿಲ್ ಕೆಲಸ ಮಾಡಿದ್ದರೆ ಉಸಿರು ನಿಧಾನ ಆಗಬೇಕಿತ್ತು, ಆಗಿಲ್ಲ. ಎಷ್ಟು ಸರಳ ಲೆಕ್ಕ ನೋಡಿ! ಜ್ಯೂರಿಯವರಿಗೆ ಅವರವರ ಕುತ್ತಿಗೆ ಮುಟ್ಟಿಕೊಂಡು ನೋಡಲು ಹೇಳಿ ಪಾಠ ಮಾಡಿದ ಹಾಗೆ ವಿವರಿಸಿದರು. ಒಬ್ಬ ಡಾಕ್ಟರು ಕೋರ್ಟಿನಲ್ಲಿ ಹೇಗೆ ಮಾತಾಡಬೇಕು ಎನ್ನುವುದಕ್ಕೆ ನಾನು ನನ್ನ ವಿದ್ಯಾರ್ಥಿಗಳಿಗೆ ಅದನ್ನೇ ತೋರಿಸುತ್ತೇನೆ.

ಶವಪರೀಕ್ಷೆ ಮಾಡಿದ ಡಾ. ಆಂಡ್ರ್ಯೂ ಬೇಕರ್ ಪರೀಕ್ಷೆ ಮುಗಿಯುವವರೆಗೆ ವಿಡಿಯೊ ನೋಡಲಿಲ್ಲ. ಮನಸ್ಸು ಮೊದಲೇ ಒಂದು ಕಡೆ ವಾಲಬಾರದು ಎಂದು. ನಿನ್ನ ಡಾಕ್ಟರ್ ಸಾಕ್ಷಿಗೂ ಇದನ್ನು ಕೇಳು: ನೀವು ವಿಡಿಯೊ ಯಾವಾಗ ನೋಡಿದಿರಿ?

ಇನ್ನು ಹೊಡೆತದ ಗುರುತು ಇದ್ದರೆ ಅದು ಎಲ್ಲಿದೆ ನೋಡಬೇಕು. ಬಿದ್ದು ಆದ ಗಾಯ ಸಾಮಾನ್ಯವಾಗಿ ಮೂಳೆ ಎದ್ದಿರುವ ಕಡೆ ಇರುತ್ತದೆ. ಮೊಣಕೈ, ಮೊಣಕಾಲು, ಹಣೆ. ಬೆನ್ನು, ತೊಡೆಯ ಹಿಂಭಾಗ, ಪಾದದ ಅಡಿ ಇಲ್ಲೆಲ್ಲ ಗಾಯ ಇದ್ದು, ಮೆಟ್ಟಿಲಿನಿಂದ ಬಿದ್ದ ಎಂದು ಬರೆದಿದ್ದರೆ ಯೋಚನೆ ಮಾಡಬೇಕು. ಲಾಠಿ ಏಟಿನ ಗುರುತು ರೈಲು ಹಳಿಯ ಹಾಗೆ ಬರುತ್ತದೆ. ಎರಡು ಕೆಂಪು ಗೆರೆ, ನಡುವೆ ಬಿಳಿಚಿದ ಪಟ್ಟಿ. ನಮ್ಮವರ ಕಪ್ಪು ಚರ್ಮದಲ್ಲಿ ಮೇಲಿನಿಂದ ನೋಡಿದರೆ ಎಷ್ಟೋ ಸಲ ಏನೂ ಕಾಣದು. ಚರ್ಮ ಬಿಡಿಸಿ ಒಳಗೆ ನೋಡಿದರೆ ರಕ್ತ ಹೆಪ್ಪುಗಟ್ಟಿರುತ್ತದೆ. ಬೆನ್ನನ್ನು ಬಿಡಿಸಿ ನೋಡಿದ್ದೀರಾ ಎಂದು ಕೇಳದೆ ಡಾಕ್ಟರನ್ನು ಕಟಕಟೆಯಿಂದ ಇಳಿಸಬೇಡ.

ಗಾಯದ ಬಣ್ಣವೂ ಸಮಯ ಹೇಳುತ್ತದೆ. ಮೊದಲು ಕೆಂಪು, ಆಮೇಲೆ ನೀಲಿ, ನಾಲ್ಕೈದು ದಿನ ಕಳೆದ ಮೇಲೆ ಹಸಿರು, ವಾರ ಕಳೆದರೆ ಹಳದಿ. ಗಂಟೆ ಲೆಕ್ಕದಲ್ಲಿ ಹೇಳಲಾಗದು. ಆದರೆ ಹಸಿರು ಬಣ್ಣದ ಗಾಯ ಆ ರಾತ್ರಿಯದ್ದಲ್ಲ ಎಂದು ಹೇಳಬಹುದು. ಇದು ಪೊಲೀಸರ ಪರವಾಗಿಯೂ ಬರಬಹುದು, ನೆನಪಿಟ್ಟುಕೋ.

ಬಿಕರ್ನಕಟ್ಟೆ ಅಕ್ಕ

ನಾನು ಕಾನೂನು ಓದಿದವಳಲ್ಲ. ಆದರೂ ಬರೆಯಬೇಕು ಅನಿಸಿತು. ಕೆಲವು ವರ್ಷದ ಹಿಂದೆ ನನ್ನ ತಮ್ಮನಿಗೆ ಒಂದು ರಾತ್ರಿ ರಸ್ತೆಯಲ್ಲಿ ಪೊಲೀಸರ ಏಟು ಬಿತ್ತು. ತಪ್ಪು ಗುರುತು. ಕೈ ಮುರಿಯಿತು. ಎದುರಿನ ಅಂಗಡಿಗೆ ಕ್ಯಾಮೆರಾ ಇತ್ತು. ನಾವು ಆಸ್ಪತ್ರೆ ಓಡಾಟದಲ್ಲಿ ಇದ್ದೆವು. ಮೂರು ವಾರ ಬಿಟ್ಟು ಹೋಗಿ ಕೇಳಿದಾಗ ಅಂಗಡಿಯವರು ಪಾಪ, ಅಕ್ಕಾ ಅದು ಹದಿನೈದು ದಿನಕ್ಕೆ ತನ್ನಷ್ಟಕ್ಕೇ ಅಳಿಸಿ ಹೋಗುತ್ತದೆ ಎಂದರು. ಅಲ್ಲಿಗೆ ಮುಗಿಯಿತು. ಅವನ ಕೈ ಈಗಲೂ ಪೂರ್ತಿ ಮೇಲೆ ಹೋಗುವುದಿಲ್ಲ.

ಮೊದಲ ದಿನವೇ ಏನು ಮಾಡಬೇಕು ಎಂದು ನಮಗೆ ಯಾರೂ ಹೇಳಿರಲಿಲ್ಲ. ದಯವಿಟ್ಟು ಯಾರಾದರೂ ಅದನ್ನು ಇಲ್ಲಿ ಬರೆಯಿರಿ.

ಬಾವುಟಗುಡ್ಡೆ ವಕೀಲ

ಅಕ್ಕ, ಓದಿ ತುಂಬಾ ಬೇಸರವಾಯಿತು. ನಿಮ್ಮ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ.

ಅದೇ ದಿನ ಅಂಗಡಿಯವರಿಗೆ, ಠಾಣೆಗೆ, ಪೊಲೀಸ್ ಕಮಿಷನರಿಗೆ ಅಥವಾ ಎಸ್‌ಪಿಗೆ ಒಂದು ಅರ್ಜಿ ಕೊಡಿ. ಇಂಥ ದಿನ, ಇಷ್ಟರಿಂದ ಇಷ್ಟು ಗಂಟೆಯ ದೃಶ್ಯ ಉಳಿಸಿ ಎಂದು ಬರೆದು ಸ್ವೀಕೃತಿ ಪಡೆಯಿರಿ. ಠಾಣೆಯ ಒಳಗಿನ ಕ್ಯಾಮೆರಾದ ಬಗ್ಗೆ ಸುಪ್ರೀಂ ಕೋರ್ಟು 2020ರ ಡಿಸೆಂಬರಿನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಕೇಸಿನಲ್ಲಿ ಖಡಾಖಂಡಿತ ಹೇಳಿದೆ. ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಬೇಕು, ಶಬ್ದವೂ ದಾಖಲಾಗಬೇಕು, 18 ತಿಂಗಳು ಉಳಿಸಬೇಕು. ಅಷ್ಟು ಸಾಮರ್ಥ್ಯದ ಯಂತ್ರ ಸಿಗದಿದ್ದರೂ ಒಂದು ವರ್ಷಕ್ಕಿಂತ ಕಡಿಮೆ ಆಗಬಾರದು. ಆಸ್ಪತ್ರೆಯಲ್ಲಿ ಗಾಯ ಹೇಗಾಯಿತು ಎಂದು ಕೇಳಿದಾಗ ಹೆದರಿ ಬಿದ್ದದ್ದು ಎನ್ನಬೇಡಿ. ಆ ಮೊದಲ ಚೀಟಿಯಲ್ಲಿ ಬರೆದದ್ದೇ ಮುಂದೆ ಗಾಯ ಪ್ರಮಾಣಪತ್ರಕ್ಕೆ ಹೋಗುತ್ತದೆ.

ಮೊಬೈಲ್ ವಿಡಿಯೊ ವಿಷಯ. ವಾಟ್ಸ್ಆ್ಯಪಿನಲ್ಲಿ ಬಂದ ಪ್ರತಿ ಹಿಡಿದುಕೊಂಡು ಕೋರ್ಟಿಗೆ ಬರುವವರೇ ಜಾಸ್ತಿ. ಅದು ಕುಗ್ಗಿದ ಪ್ರತಿ. ಯಾವಾಗ, ಯಾವ ಫೋನಿನಲ್ಲಿ ತೆಗೆದದ್ದು ಎಂಬ ವಿವರ ಅದರಲ್ಲಿ ಉಳಿದಿರುವುದಿಲ್ಲ. ಮೂಲ ಫೋನು ಬೇಕು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಬೇಕೆನ್ನುವ ಹಳೆಯ ಸಾಕ್ಷ್ಯ ಕಾಯಿದೆಯ 65ಬಿ ಜಾಗದಲ್ಲಿ ಈಗ 63ನೇ ಕಲಂ. ಪ್ರಮಾಣಪತ್ರ ಎರಡು ಭಾಗ. ಒಂದನ್ನು ಹಾಜರುಪಡಿಸುವವರು, ಇನ್ನೊಂದನ್ನು ತಜ್ಞರು ಸಹಿ ಮಾಡಬೇಕು. ಹ್ಯಾಷ್ ಸಂಖ್ಯೆ ಬರೆಯಬೇಕು. ಕಡತದಲ್ಲಿ ಒಂದು ಚೂರು ಬದಲಾದರೂ ಆ ಸಂಖ್ಯೆ ಬೇರೆ ಬರುತ್ತದೆ. ಹಾಗಾಗಿ ತಿದ್ದಿಲ್ಲ ಎಂದು ತೋರಿಸಲು ಅದೇ ದಾರಿ. ಮೂಲ ಫೋನನ್ನೇ ಕೋರ್ಟಿಗೆ ತಂದು ಮಾಲೀಕರೇ ಸಾಕ್ಷಿ ನುಡಿದರೆ ಪ್ರಮಾಣಪತ್ರ ಬೇಡ ಎಂದು 2020ರ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ತೀರ್ಪು ಹಳೆಯ ಕಾಯಿದೆಯಡಿ ಹೇಳಿತ್ತು. ಆದರೂ ಮಾಡಿಸಿಡಿ.

ಸುರತ್ಕಲ್ ಓದುಗ

2019ರ ಡಿಸೆಂಬರ್ 19ರಂದು ಪೌರತ್ವ ಕಾಯಿದೆ ವಿರುದ್ಧದ ಪ್ರತಿಭಟನೆ ವೇಳೆ ಆದ ಮಂಗಳೂರು ಗೋಲಿಬಾರು ನೆನಪಾಯಿತು. ಇಬ್ಬರು ಸತ್ತರು. ಆಮೇಲೆ ಎಷ್ಟು ವಿಡಿಯೊ ಬಂತು! ಕಲ್ಲು ತಂದದ್ದು ಎಂದು ಪೊಲೀಸರು ಒಂದಷ್ಟು ಬಿಟ್ಟರು, ಪೊಲೀಸರದ್ದೇ ಅತಿರೇಕ ಎಂದು ಇನ್ನೊಂದು ಕಡೆಯವರು ಒಂದಷ್ಟು ಬಿಟ್ಟರು. ನಮಗೆ ಯಾವುದು ಮೊದಲು, ಯಾವುದು ಆಮೇಲೆ ಎಂದೇ ಗೊತ್ತಾಗುತ್ತಿರಲಿಲ್ಲ. ಉಡುಪಿ ಜಿಲ್ಲಾಧಿಕಾರಿಯವರು ಮ್ಯಾಜಿಸ್ಟ್ರೇಟ್ ತನಿಖೆ ಮಾಡಿದ್ದರಲ್ಲ, ಅಂಥ ವರದಿಯನ್ನು ಕೋರ್ಟಿನಲ್ಲಿ ಬಳಸಬಹುದಾ?

ಬಾವುಟಗುಡ್ಡೆ ವಕೀಲ

ತನಿಖಾ ವರದಿಯ ಅಭಿಪ್ರಾಯವೇ ಅಪರಾಧಕ್ಕೆ ಪುರಾವೆ ಆಗುವುದಿಲ್ಲ. ಸಾಕ್ಷಿಗಳು ಕೋರ್ಟಿಗೆ ಬಂದು ಮತ್ತೆ ಹೇಳಬೇಕು, ಪಾಟಿ ಸವಾಲು ಎದುರಿಸಬೇಕು. ಕಸ್ಟಡಿಯಲ್ಲಿ ಸಾವು ಆದರೆ ಮಾತ್ರ ತನಿಖೆ ಜಿಲ್ಲಾಧಿಕಾರಿಯದ್ದಲ್ಲ, ನ್ಯಾಯಾಂಗದ ಮ್ಯಾಜಿಸ್ಟ್ರೇಟರದ್ದು. ಈಗ ಬಿಎನ್‌ಎಸ್‌ಎಸ್ 196. ತಂಗಿಯ ಕಥೆಗೆ ಅದೇ ಅನ್ವಯ.

ನಿವೃತ್ತ ಬೆಂಚ್ ಕ್ಲರ್ಕ್

ನಾನು ಸೆಷನ್ಸ್ ಕೋರ್ಟಿನಲ್ಲೂ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೂ ಇದ್ದವನು. ಕಾಗದದ ಬಗ್ಗೆ ಹೇಳುತ್ತೇನೆ.

ಆರೋಪಿಯನ್ನು ಮೊದಲ ಸಲ ರಿಮಾಂಡಿಗೆ ತಂದಾಗ ನ್ಯಾಯಾಧೀಶರು ಪೊಲೀಸರು ಹೊಡೆದರಾ ಎಂದು ಕೇಳುತ್ತಾರೆ. ಅವನು ಹಿಂದೆ ತಿರುಗಿ ನೋಡುತ್ತಾನೆ. ಅಲ್ಲೇ ಪೊಲೀಸರು ನಿಂತಿರುತ್ತಾರೆ. ಇಲ್ಲ ಎನ್ನುತ್ತಾನೆ. ದುರ್ವರ್ತನೆ ಬಗ್ಗೆ ದೂರಿಲ್ಲ ಎಂದು ಆರ್ಡರ್ ಶೀಟಿಗೆ ಬೀಳುತ್ತದೆ. ಆ ಒಂದು ಸಾಲು ಎರಡು ವರ್ಷ ಕಳೆದು ದೊಡ್ಡದಾಗಿ ಎದ್ದು ನಿಲ್ಲುತ್ತದೆ. ಕೆಲವು ನ್ಯಾಯಾಧೀಶರು ಪೊಲೀಸರನ್ನು ಹೊರಗೆ ಕಳುಹಿಸಿ ಕೇಳುತ್ತಿದ್ದರು, ಅಂಗಿ ತೆಗೆಸಿ ನೋಡುತ್ತಿದ್ದರು. ಅವರ ಬಗ್ಗೆ ನನಗೆ ಇವತ್ತಿಗೂ ಗೌರವ.

ಠಾಣಾ ದಿನಚರಿ, ಜೀಪಿನ ಲಾಗ್ ಪುಸ್ತಕ, ದಸ್ತಗಿರಿ ಜ್ಞಾಪನ, ವೈರ್‌ಲೆಸ್ ಕರೆಯ ದಾಖಲೆ. ಇವುಗಳಲ್ಲಿ ಗಂಟೆ ಇರುತ್ತದೆ. ಎಲ್ಲವನ್ನೂ ಒಬ್ಬನೇ ಒಂದೇ ಸಲ ಕೂತು ಬರೆದಿದ್ದರೆ ಗಂಟೆಗಳು ಚೆನ್ನಾಗಿ ಹೊಂದುತ್ತವೆ. ಆಗ ಹೊರಗಿನವರ ಗಂಟೆಯ ಜತೆ ಇಟ್ಟು ನೋಡಬೇಕು. ದಸ್ತಗಿರಿ ಜ್ಞಾಪನಕ್ಕೆ ಮನೆಯವರದ್ದೋ ಊರಿನ ಮರ್ಯಾದಸ್ಥರದ್ದೋ ಸಾಕ್ಷಿ ಸಹಿ ಬೇಕೆಂದು 1996ರ ಡಿ.ಕೆ. ಬಸು ತೀರ್ಪಿನಲ್ಲೇ ಉಂಟು. ಆ ಸಹಿ ಹಾಕಿದವನು ಅಷ್ಟು ಹೊತ್ತಿಗೆ ಅಲ್ಲಿದ್ದನಾ? ಮಹಜರಿನ ಪಂಚರು ಯಾರು? ಒಂದೇ ಪಂಚ ಮೂರು ಕೇಸಿನಲ್ಲಿ ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮೊದಲ ಹೇಳಿಕೆಯನ್ನೂ ಹುಡುಕಮ್ಮ. ಮಿನಿಯಾಪೊಲಿಸ್ ಪೊಲೀಸರ ಮೊದಲ ಪತ್ರಿಕಾ ಪ್ರಕಟಣೆಯ ಶೀರ್ಷಿಕೆ, ಪೊಲೀಸರ ಜತೆಗಿನ ಘಟನೆ ವೇಳೆ ವೈದ್ಯಕೀಯ ಸಮಸ್ಯೆಯಾಗಿ ವ್ಯಕ್ತಿಯ ಸಾವು ಎಂದಿತ್ತು. ಮೊಣಕಾಲಿನ ಮಾತೇ ಇರಲಿಲ್ಲ. 17 ವರ್ಷದ ಡಾರ್ನೆಲಾ ಫ್ರೇಜಿಯರ್ ತೆಗೆದ ವಿಡಿಯೊ ಬಾರದಿದ್ದರೆ ಅದೇ ಉಳಿಯುತ್ತಿತ್ತು.

ಕಾರ್ಕಳ ಜೂನಿಯರ್

ಎಲ್ಲ ಸರಿ. ಆದರೆ ನಾನು ವಿಚಾರಣೆ ಶುರುವಾಗುವ ಮೊದಲೇ ಎದ್ದು ನಿಲ್ಲುತ್ತೇನೆ. ಸರಕಾರಿ ನೌಕರನ ಮೇಲೆ ಕೇಸು ನಡೆಸಲು ಸರಕಾರದ ಪೂರ್ವಾನುಮತಿ ಎಲ್ಲಿ? ಬಿಎನ್‌ಎಸ್‌ಎಸ್ 218 ಉಂಟು. ನಮ್ಮ ರಾಜ್ಯದಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಯ 170 ಕೂಡ ಉಂಟು. 2020ರ ಡಿ. ದೇವರಾಜ ತೀರ್ಪು ನಮ್ಮ ರಾಜ್ಯದ್ದೇ. ಕರ್ತವ್ಯದಲ್ಲಿ ಮಿತಿ ಮೀರಿದ್ದರೂ ಅದಕ್ಕೂ ಕರ್ತವ್ಯಕ್ಕೂ ಸಮಂಜಸ ನಂಟು ಇದ್ದರೆ ಅನುಮತಿ ಬೇಕು ಎಂದಿದೆ.

ಬಾವುಟಗುಡ್ಡೆ ವಕೀಲ

ಒಳ್ಳೆ ಪಾಯಿಂಟ್. ಪಿ.ಪಿ. ಇದಕ್ಕೆ ತಯಾರಿಲ್ಲದೆ ಬಂದರೆ ಮೊದಲ ದಿನವೇ ಮುಗಿಯಿತು. ಅನುಮತಿ ಪತ್ರ ಕಡತದಲ್ಲಿ ಇರಬೇಕು. 218ರಲ್ಲಿ 120 ದಿನದೊಳಗೆ ಸರಕಾರ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಿದೆ ಎಂದೇ ಲೆಕ್ಕ. ಅದೂ ಹೊಸದು. ಕೋಳ ಬಿದ್ದ ನಂತರದ 92 ಸೆಕೆಂಡಿಗೆ ಕರ್ತವ್ಯದ ನಂಟೇ ಇಲ್ಲ ಎಂದೂ ವಾದಿಸಬಹುದು. ಆದರೆ ಅದೊಂದನ್ನೇ ನಂಬಿ ಕೂರಬೇಡ.

ಆರೋಪದ ಕಲಮುಗಳಲ್ಲೂ ಜಾಗ್ರತೆ. ಫ್ಲಾಯ್ಡ್ ಕೇಸಿನ ಆರೋಪಿ ಪೊಲೀಸ್ ಡೆರೆಕ್ ಶೋವಿನ್ ಮೇಲೆ ಮೂರು ಆರೋಪ ಇತ್ತು, 2021ರ ಏಪ್ರಿಲ್ 20ರಂದು ಮೂರರಲ್ಲೂ ತಪ್ಪಿತಸ್ಥ ಎಂದಾಯಿತು. ಬರೀ ಕೊಲೆ ಎಂದು ಹಟ ಹಿಡಿದರೆ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) 101ರ ಮೂರನೇ ವಿನಾಯಿತಿ ಎದುರು ಬರುತ್ತದೆ. ಸದುದ್ದೇಶದಿಂದ, ದ್ವೇಷವಿಲ್ಲದೆ ಅಧಿಕಾರ ಮೀರಿದ ಸರಕಾರಿ ನೌಕರ. 105ನ್ನು (ಕೊಲೆಯಲ್ಲದ ನರಹತ್ಯೆ) ಮುಖ್ಯವಾಗಿಟ್ಟು 106ನ್ನು (ನಿರ್ಲಕ್ಷ್ಯದಿಂದ ಸಾವು) ಪರ್ಯಾಯ ಇಡುವುದು ನನ್ನ ಸಲಹೆ. ವಿನಾಯಿತಿ ಕೇಳುವವನೇ ಅದನ್ನು ತೋರಿಸಬೇಕು, ಸಾಕ್ಷ್ಯ ಅಧಿನಿಯಮ 108. ಠಾಣೆಯೊಳಗೆ ನಡೆದದ್ದು ಅವರಿಗೆ ಮಾತ್ರ ಗೊತ್ತಿರುವ ವಿಷಯ. ಅಂಥದ್ದನ್ನು ಗೊತ್ತಿರುವವರೇ ರುಜುವಾತು ಮಾಡಬೇಕು ಎನ್ನುವ 109 ಅಲ್ಲಿ ಸಹಾಯಕ್ಕೆ ಬರುತ್ತದೆ. ಆದರೆ ಅವನು ಇಷ್ಟು ಗಂಟೆಗೆ ಜೀವಂತ ಒಳಗೆ ಹೋದ, ಇಷ್ಟು ಗಂಟೆಗೆ ಹೀಗೆ ಹೊರಗೆ ಬಂದ ಎಂದು ಮೊದಲು ನೀನೇ ತೋರಿಸಬೇಕು. ಮತ್ತೆ ಗಡಿಯಾರಕ್ಕೇ ಬಂದೆವು.

ಕಾಪು ನಿವೃತ್ತ ಎಎಸ್‌ಐ

ಒಳಗಿನವರು ಸಾಕ್ಷಿ ಹೇಳುತ್ತಾರಾ ಎಂದು ಎಲ್ಲರೂ ನನ್ನನ್ನು ಕೇಳುತ್ತಾರೆ. ಕಷ್ಟ. 1995ರಲ್ಲಿ ಶ್ಯಾಮಸುಂದರ್ ತ್ರಿವೇದಿ ಕೇಸಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಪೊಲೀಸರು ಅಣ್ಣತಮ್ಮಂದಿರ ಹಾಗೆ ಬಾಯಿ ಮುಚ್ಚಿಕೊಳ್ಳುತ್ತಾರೆ ಎಂದು. ನನಗೂ ಅದು ಗೊತ್ತು. ಆದರೂ ಮಾತಾಡಿದವರು ಇದ್ದಾರೆ. 2020ರಲ್ಲಿ ತಮಿಳುನಾಡಿನ ಸಾತಾನ್‌ಕುಳಂನಲ್ಲಿ ತಂದೆ ಮಗ ಸತ್ತಾಗ ಆ ರಾತ್ರಿ ಕರ್ತವ್ಯದಲ್ಲಿದ್ದ ಮಹಿಳಾ ಹೆಡ್ ಕಾನ್‌ಸ್ಟೆಬಲ್ ಮ್ಯಾಜಿಸ್ಟ್ರೇಟರ ಮುಂದೆ ನಡೆದದ್ದು ಹೇಳಿದರು. ಅಲ್ಲಿ ಠಾಣೆಯ ಕ್ಯಾಮೆರಾದ ದೃಶ್ಯ ಪ್ರತಿದಿನ ಅಳಿಸುವ ಹಾಗೆ ಇಟ್ಟಿದ್ದರು. ಯಂತ್ರ ಉಳಿಸದ್ದನ್ನು ಆ ಹೆಡ್ ಕಾನ್‌ಸ್ಟೆಬಲ್ ಉಳಿಸಿದರು. ಮಿನಿಯಾಪೊಲಿಸ್‌ನಲ್ಲಿ ಪೊಲೀಸ್ ಮುಖ್ಯಸ್ಥರೇ ಬಂದು, ನಾವು ಕಲಿಸುವುದು ಇದನ್ನಲ್ಲ ಎಂದರು.

ನಿಮ್ಮ ಕಥೆಯಲ್ಲಿ ಆ ರಾತ್ರಿ ಠಾಣೆಯ ಸೆಂಟ್ರಿ ಯಾರು? ಬಾಗಿಲಲ್ಲಿ ನಿಂತವನು ಜೀಪು ಬಂದದ್ದನ್ನು ನೋಡಿಯೇ ಇರುತ್ತಾನೆ. ಅವನ ಹೇಳಿಕೆಯನ್ನು ಬೇಗ ಬಿಎನ್‌ಎಸ್‌ಎಸ್ 183ರ ಕೆಳಗೆ ಮ್ಯಾಜಿಸ್ಟ್ರೇಟರ ಮುಂದೆ ಮಾಡಿಸಬೇಕಿತ್ತು. ಮಾಡಿಸಿದ್ದಾರಾ ನೋಡಿ.

ಕುಂಜಿಬೆಟ್ಟು ವಿದ್ಯಾರ್ಥಿನಿ

ನೋಡಿದೆ ಸರ್. ಸೆಂಟ್ರಿಯ ಹೇಳಿಕೆ ಪೊಲೀಸರ ಮುಂದೆ ಮಾತ್ರ ಉಂಟು. ಅವನು ಕೋರ್ಟಿನಲ್ಲಿ ಮಾತು ತಿರುಗಿಸಿ ಪ್ರತಿಕೂಲ ಆಗುತ್ತಾನೆ ಅಂತ ಈಗಲೇ ಅನಿಸುತ್ತದೆ. ಅವನನ್ನು ಕೊನೆಗೆ ಕರೆಯುತ್ತೇನೆ.

ನಿನ್ನೆ ರಾತ್ರಿ ಒಂದು ಹಾಳೆಯಲ್ಲಿ ಗೆರೆ ಎಳೆದು ಎಲ್ಲ ಗಂಟೆಗಳನ್ನು ಬರೆದೆ. ದಸ್ತಗಿರಿ ಜ್ಞಾಪನದಲ್ಲಿ 11.40. ಠಾಣಾ ದಿನಚರಿಯಲ್ಲಿ ಹಿಡಿದು ತಂದ ಯುವಕ ಆರೋಗ್ಯವಾಗಿದ್ದಾನೆ, 11.55. ವಿಡಿಯೊ ಮಾಡಿದವರ ಮೂಲ ಫೋನಿನಲ್ಲಿ ವಿಡಿಯೊ ಶುರುವಾದದ್ದು 11.31. 108ರ ದಾಖಲೆಯಲ್ಲಿ ಠಾಣೆಯಿಂದ ಕರೆ ಬಂದದ್ದು 11.52. ಆರೋಗ್ಯವಾಗಿದ್ದಾನೆ ಎಂದು ಬರೆಯುವ 3 ನಿಮಿಷ ಮೊದಲೇ ಆಂಬುಲೆನ್ಸ್ ಕರೆದಿದ್ದಾರೆ. ಈ ಕಾಗದಗಳನ್ನು ನಾನು ನಾಲ್ಕು ಸಲ ಓದಿದ್ದೆ. ಕಂಡಿರಲಿಲ್ಲ.

ಹಾಗಾಗಿ ನನ್ನ ಮೊದಲ ಸಾಕ್ಷಿ 108ರ ಸಿಬ್ಬಂದಿ. ಆಮೇಲೆ ವಿಡಿಯೊ ಮಾಡಿದವರು, ಆಮೇಲೆ ಡಾಕ್ಟರ್.

ನಿವೃತ್ತ ಬೆಂಚ್ ಕ್ಲರ್ಕ್

ಸರಿಯಾಗಿ ಹಿಡಿದೆಯಮ್ಮ. ಆಂಬುಲೆನ್ಸಿನಲ್ಲಿ ಬಂದವರು ಗಾಡಿ ಹೊರಟದ್ದು, ರೋಗಿಯನ್ನು ನೋಡಿದ್ದು ಹೇಳಬಹುದು. ಕರೆ ಎಷ್ಟು ಗಂಟೆಗೆ ಬಂತು ಎನ್ನುವುದು ಕರೆ ಕೇಂದ್ರದ ಕಂಪ್ಯೂಟರಿನಲ್ಲಿ ಇರುವುದು. ಅದಕ್ಕೆ ಕೇಂದ್ರದವರೇ 63ರ ಪ್ರಮಾಣಪತ್ರದ ಜತೆ ಬರಬೇಕು. ಸಾಕ್ಷಿ ಪಟ್ಟಿಯಲ್ಲಿ ಅವರ ಹೆಸರು ಉಂಟಾ? ಇಲ್ಲದಿದ್ದರೆ ನಾಳೆಯೇ ಸಮನ್ಸಿಗೆ ಅರ್ಜಿ ಹಾಕು.